ಆಯಿಯ ಆಣೆ, ನನ್ನ ಒಂಟಿ ಗಾಲಿ

ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಯಾರೂ ನನ್ನನ್ನು ಬುದ್ಧಿವಂತ ಅಂದುಕೊಂಡು ಓದಿ ಮೋಸಹೋಗುವುದು ಬೇಡ. ಖಾನಾಪುರದಿಂದ ಬೆಳಗಾವಿಗೆ ಬೆಳಿಗ್ಗೆ ಮೊದಲನೇ ಬಸ್ಸು ಅಂತ ಒಂದು ಇತ್ತು. ಅದನ್ನು ಹಿಡಿದಿದ್ದರೆ ನಾನು ದಿನಾಲೂ ಕೆಲಸಕ್ಕೆ ಸರಿಯಾದ ಹೊತ್ತಿಗೆ, ಒಣಗಿದ ಬಟ್ಟೆಯಲ್ಲಿ, ಎರಡೂ ಮೊಣಕಾಲಿನ ಚರ್ಮ ಉಳಿಸಿಕೊಂಡು ಮುಟ್ಟುತ್ತಿದ್ದೆ. ಆದರೆ ಆ ಬಸ್ಸಿಗೆ ಒಂದು ತಾಸು ಬೇಗ ಏಳಬೇಕಿತ್ತು. ಒಂದು ತಾಸು ಬೇಗ ಏಳುವುದಕ್ಕಿಂತ ಒಂದು ಗಾಲಿಯ ಸೈಕಲ್ ಕಲಿಯುವುದು ಸುಲಭ ಎಂದು ತೀರ್ಮಾನಿಸಿದ ಗಂಡಸು ಬೆಳಗಾವಿ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು. ಈಗ ಅದೇ ಬಸ್ಸಿನಲ್ಲಿ ಬರುತ್ತೇನೆ. ಯಾಕೆ ಎಂಬುದೇ ಈ ಕಥೆ.

ಮೊನ್ನೆ ಬೆಳಗಾವಿಯ ಮಿಲ್ಟ್ರಿ ಕ್ಯಾಂಪಿನಲ್ಲಿ ಮುನೀರ್ ಚಾಚಾನ ಸೈಕಲ್ ಅಂಗಡಿಯ ಮುಂದೆ ಹಾಯ್ದು ಹೋಗುವಾಗ ಪಂಕ್ಚರ್ ತಿದ್ದುವ ಸೊಲ್ಯೂಷನ್ನಿನ ವಾಸನೆ ಮೂಗಿಗೆ ಬಡಿಯಿತು. ಅದರ ಹಿಂದೆಯೇ ಮಳೆಗೆ ನೆನೆದ ರಬ್ಬರು, ಅದರ ಹಿಂದೆ ಚಾಚಾ ಬೆಳಗಿನಿಂದ ಕುದಿಸುತ್ತಲೇ ಇರುವ ಚಹಾ. ತಲೆ ಎತ್ತಿದೆ. ಅಂಗಡಿಯ ಬಾಗಿಲ ಮೇಲೆ, ಬೋರ್ಡು ಇರಬೇಕಾದ ಜಾಗದಲ್ಲಿ, ಅದು ತೂಗುತ್ತಿತ್ತು. ಒಂದು ಗಾಲಿ, ಒಂದು ಸೀಟು, ಎರಡು ಪೆಡಲು. ಚಾಚಾ ಯಾವುದೋ ಗಿರಾಕಿಗೆ ಹೇಳುತ್ತಿದ್ದ: "ಅದನ್ನ ಮಾಡಿದಾಂವ ನಾನು. ಅದರ ಮ್ಯಾಲಿಂದ ಬಿದ್ದಾಂವ ಅಲ್ಲಿ ನಿಂತಾನ ನೋಡ್ರಿ."

ಅಷ್ಟು ಸಾಕಾಯಿತು. ಆ ಮಳೆಗಾಲ ಪೂರ್ತಿ, ಕೆಂಪು ರಾಡಿಯ ಸಮೇತ, ಎದೆಯೊಳಗೆ ಪೆಡಲು ತುಳಿಯತೊಡಗಿತು.

ಆ ವರ್ಷ ಮಳೆ ಶುರುವಾದ ಹೊಸದರಲ್ಲೇ ನನ್ನ ಕಾಕಾನ ಮಗ ದೇಸೂರಿನ ಹತ್ತಿರ ಬೈಕು ಜಾರಿಸಿಕೊಂಡು ಕಾಲಿಗೆ ಪ್ಲಾಸ್ಟರು ಹಾಕಿಸಿಕೊಂಡು ಬಂದ. ಅವನನ್ನು ನೋಡಿಕೊಂಡು ಬಂದ ಆಯಿ, ಅಂದರೆ ನಮ್ಮಪ್ಪನ ತಾಯಿ, ಸೀದಾ ನನ್ನ ಮುಂದೆ ಕುಳಿತಳು. ಸೆರಗು ಸರಿಸಿ ತಲೆ ಮುಂದೆ ಬಾಗಿಸಿದಳು.

"ಇಡ ಕೈ."

"ಯಾಕ ಆಯಿ? ಹೇನ ಆಗ್ಯಾವೇನ?"

"ನನ್ನ ತಲಿ ಮ್ಯಾಲ ಕೈ ಇಟ್ಟ ಹೇಳ. ಎರಡ ಗಾಲಿ ಗಾಡಿ ಹತ್ತೂದಿಲ್ಲ ಅಂತ ಹೇಳ."

ನಮ್ಮ ಮನೆಯಲ್ಲಿ ದೇವರ ಮೇಲೆ ಆಣೆ ಹಾಕಿದರೆ ದೇವರು ಹೇಗೋ ಸಂಭಾಳಿಸಿಕೊಳ್ಳುತ್ತಾನೆ ಎಂಬ ನಂಬಿಕೆ ಉಂಟು. ತಲೆ ಮುಟ್ಟಿ ಹಾಕಿದ ಆಣೆ ಹಾಗಲ್ಲ. ಮುರಿದರೆ ಆ ತಲೆಗೇ ಕೇಡು. ಆಯಿಯ ಬೆಳ್ಳಗಿನ ಕೂದಲ ಮೇಲೆ ಕೈ ಇಟ್ಟೆ, ಕೊಬ್ಬರಿ ಎಣ್ಣೆ ಅಂಗೈಗೆ ಹತ್ತಿತು, ಹೇಳಿದೆ. ಅದೂ ಕೂಗಿ ಹೇಳಿದೆ. ಯಾಕೆಂದರೆ ಆಯಿಗೆ ಕಿವಿ ದೂರ. ನಾನು ಎರಡು ಗಾಲಿಯ ವಾಹನ ಹತ್ತುವುದಿಲ್ಲ ಎಂಬುದು ಆ ಸಂಜೆ ಓಣಿಗೆಲ್ಲ ಗೊತ್ತಾಯಿತು.

ನನಗೆ ಊರವರ ದನಿ ತೆಗೆಯುವ ಚಟ. ಪೋಸ್ಟಿನವರದು, ಸ್ಟೇಶನ್ ಮಾಸ್ತರದು, ಓಣಿಯ ನಾಯಿ ಬೊಗಳುವ ಮೊದಲು ಯೋಚಿಸುವುದು, ಎಲ್ಲ ಬರುತ್ತದೆ. ಆಯಿಯ ದನಿಯನ್ನಂತೂ ಆಕೆಯ ಎದುರಿಗೇ ತೆಗೆಯುತ್ತಿದ್ದೆ. ಮನೆಮಂದಿ ಹೊಟ್ಟೆ ಹಿಡಿದು ನಗುವಾಗ ಆಕೆಯೂ ಏನೋ ಚಲೋ ಮಾತಿರಬೇಕು ಎಂದು ಜೊತೆಗೆ ನಗುತ್ತಿದ್ದಳು.

ಈ ಚಟಕ್ಕೆ ಪಗಾರ ಕೊಡುವ ಅಂಗಡಿಯೊಂದು ಬೆಳಗಾವಿಯ ಶಹಾಪುರದ ಕಡೆ ಆಗಷ್ಟೇ ಸಿಕ್ಕಿತ್ತು. ಕಿವಿಯ ಮಷೀನು ಮಾರುವ ಅಂಗಡಿ. ಒಳಗೆ ಗಾಜಿನ ಖೋಲಿಯಲ್ಲಿ ಮೇಡಮ್ಮು ಕಿವಿ ಪರೀಕ್ಷೆ ಮಾಡಿ ಮಷೀನು ಹೊಂದಿಸುತ್ತಿದ್ದರು. ನಾನು ಬೆಳಿಗ್ಗೆ ಶಟರ್ ಎತ್ತುವುದು, ಬಂದವರನ್ನು ಕೂರಿಸುವುದು, ಚಹಾ ತರಿಸುವುದು. ಮತ್ತೊಂದು ಕೆಲಸ ಯಾರೂ ಹೇಳದೆ ನಾನೇ ಹಚ್ಚಿಕೊಂಡದ್ದು. ಮಷೀನು ಹಾಕಿದ ಮೇಲೆ ಗಿರಾಕಿಯ ಬೆನ್ನ ಹಿಂದೆ ನಿಂತು, ತುಟಿ ಕಾಣದ ಹಾಗೆ, ಮೆಲ್ಲಗೆ ಒಂದು ಮಾತು ಆಡುವುದು. ಅವರು ತಿರುಗಿ ಅದನ್ನೇ ಹೇಳಿದರೆ ಮಷೀನು ಪಾಸು.

ಬೇರೆಯವರು ಒಂದು ಎರಡು ಮೂರು ಎನ್ನುತ್ತಾರಂತೆ. ನಾನು ಜೊತೆಗೆ ಬಂದವರ ದನಿ ತೆಗೆಯುತ್ತಿದ್ದೆ. ಒಮ್ಮೆ ಬೀಡಿ ಎಂಬ ಊರಿನಿಂದ ಒಬ್ಬ ಅಜ್ಜ ಸೊಸೆಯ ಜೊತೆ ಬಂದಿದ್ದರು. ಮಷೀನು ಹಾಕಿ ಕೂರಿಸಿದ ಮೇಲೆ ಹಿಂದಿನಿಂದ ಸೊಸೆಯ ದನಿಯಲ್ಲಿ ಮೆಲ್ಲಗೆ ಅಂದೆ: "ಮಾವಾರ, ಚಾ ಆರಾಕತ್ತೈತಿ." ಅಜ್ಜ ತಿರುಗಿ ಹೇಳಬೇಕಿತ್ತು, ಹೇಳಲಿಲ್ಲ. "ಬಂದ್ಯವಾ" ಅಂತ ಎದ್ದೇ ನಿಂತರು. ಸೊಸೆ ನಕ್ಕು ನಕ್ಕು ಕಣ್ಣು ಒರೆಸಿಕೊಂಡಳು. ಮೇಡಮ್ಮು ಗಾಜಿನ ಆಚೆಯಿಂದ ನೋಡುತ್ತಿದ್ದವರು ಮುಖ ಆಚೆ ತಿರುಗಿಸಿದರು. ನಕ್ಕರೇ ಇರಬೇಕು.

ಇಂಥ ಕೆಲಸ ಕೈಬಿಟ್ಟು ಹೋಗುವುದರಲ್ಲಿತ್ತು. ನಾನು ಬರುತ್ತಿದ್ದ ತಿಂಗಳ ಪಾಸಿನವರ ರೈಲುಗಾಡಿ ಮಳೆಗಾಲದಲ್ಲಿ ತನ್ನ ಮನಸ್ಸಿಗೆ ಬಂದಾಗ ಬೆಳಗಾವಿ ಮುಟ್ಟುತ್ತಿತ್ತು. ಸ್ಟೇಶನ್ನಿನ ಹೊರಗೆ ಸಿಟಿ ಬಸ್ಸಿಗೆ ಜೋತುಬೀಳಲೂ ಬಾಗಿಲು ಕಾಣುತ್ತಿರಲಿಲ್ಲ. ಆಟೋದವರು ನನ್ನ ಮುಖ ನೋಡಿಯೇ ಇವನ ಹತ್ತಿರ ಏನಿಲ್ಲ ಎಂದು ತಿಳಿದುಬಿಡುತ್ತಿದ್ದರು. ಓಡಿ ಓಡಿ ಹೋದರೆ ಅಂಗಡಿಯ ಮುಂದೆ ಮುದುಕರು ಮುದುಕಿಯರು ಕೊಡೆ ಹಿಡಿದು, ಮುಚ್ಚಿದ ಶಟರಿಗೆ ಬೆನ್ನು ಹಚ್ಚಿ, ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸದೆ ನಿಂತಿರುತ್ತಿದ್ದರು.

ಒಂದು ದಿನ ಮೇಡಮ್ಮು ನನಗಿಂತ ಮೊದಲು ಬಂದು ಅವರ ಜೊತೆಯೇ ನೆನೆಯುತ್ತ ನಿಂತಿದ್ದರು.

"ಪರಶುರಾಮ," ಅಂದರು, ಬಯ್ಯದೆ. ಬೈದಿದ್ದರೆ ಚೆನ್ನಾಗಿತ್ತು. "ವಯಸ್ಸಾದವರು ಮಳ್ಯಾಗ ನಿಂದರತಾರ. ಈ ಮಳಿಗಾಲ ಮುಗಿಯೂತನಾ ನೋಡತೇನಿ. ಹಿಂಗ ಆದರ ಕೀಲಿ ಬ್ಯಾರೇದವರ ಕೈಯಾಗ ಕೊಡತೇನಿ."

ಕೀಲಿ ಹೋದರೆ ಕೆಲಸ ಹೋದ ಹಾಗೆ. ಮರುದಿನ ಗಾಡಿಯಲ್ಲಿ ಪಾಟೀಲ ಕಾಕಾನ ಮುಂದೆ ಹೇಳಿಕೊಂಡೆ.

ಪಾಟೀಲ ಕಾಕಾ ನಮ್ಮೂರಿನವನೇ, ಬೆಳಗಾವಿಯ ಕೋರ್ಟಿನಲ್ಲಿ ಗುಮಾಸ್ತ. ನಮ್ಮ ಡಬ್ಬಿಯ ಹಿರಿಯ. ಕಿಟಕಿ ಬಾಜೂ ಸೀಟಿನ ಮೇಲೆ ಆತನ ಟಾವೆಲ್ಲು ಬಿತ್ತೆಂದರೆ ಮುಗಿಯಿತು, ಅಲ್ಲಿ ಯಾರೂ ಕೂರುವಂತಿಲ್ಲ. ಪಾಸಿನವರ ಗಾಡಿಯಲ್ಲಿ ಟಾವೆಲ್ಲೇ ಕಾಯಿದೆ. ಕಾಕಾ ಯಾವ ಮಾತಿಗೂ ಒಂದೇ ತಲೆಬರಹ ಕೊಡುತ್ತಿದ್ದ.

"ನಾ ಹೇಳೂದಲ್ಲ, ಆದರ ಹೇಳತೇನಿ. ಮೊದಲನೇ ಬಸ್ಸಿಗೆ ಹೋಗ."

"ಕಾಕಾ, ಆ ಬಸ್ಸಿನ್ಯಾಗ ಎಲ್ಲಾರೂ ನಿದ್ದಿ ಹೊಡಿತಾರ. ನನ್ನ ಕಲಾ ಯಾರಿಗೆ ತೋರಸಲಿ?"

"ಹಂಗಾರ ಸ್ಟೇಶನ್ನಿನ್ಯಾಗ ಒಂದು ಸೈಕಲ್ಲ ಇಟಗೊ."

"ಆಣಿ ಐತ್ರಿ. ಎರಡ ಗಾಲಿ ಹತ್ತಾಂಗಿಲ್ಲ."

"ಹಂಗಾರ ಒಂದು ಗಾಲಿ ಬಿಚ್ಚಿ ಒಗದ ಹೊಡಿ ಹೋಗ!"

ಡಬ್ಬಿಗೆ ಡಬ್ಬಿಯೇ ನಕ್ಕಿತು. ನಾನೂ ನಕ್ಕೆ. ಕಾಕಾನ ದನಿಯಲ್ಲಿ ಅದನ್ನೇ ಮತ್ತೆ ಅಂದು ತೋರಿಸಿದೆ, ಇನ್ನೊಮ್ಮೆ ನಕ್ಕರು. ದೇಸೂರು ದಾಟುವ ಹೊತ್ತಿಗೆ ನನ್ನೊಬ್ಬನ ನಗು ನಿಂತಿತ್ತು. ಒಂದು ಗಾಲಿ. ಆಣೆ ಮುರಿಯುವುದಿಲ್ಲ. ಗಾಡಿಯೊಳಗೆ ಹಿಡಿಸುತ್ತದೆ. ಸಿಕ್ಕಿಕೊಂಡ ಬಸ್ಸಿನ ಬಾಜೂ ನುಸುಳಿ ಹೋಗಬಹುದು. ಫೋನಿನಲ್ಲಿ ನೋಡಿದರೆ ಎಲ್ಲೆಲ್ಲಿಯೋ ಮನುಷ್ಯರು ಒಂದು ಗಾಲಿಯ ಮೇಲೆ ಕುಳಿತು, ಎರಡೂ ಕೈ ಬಿಟ್ಟು, ಆಫೀಸಿಗೆ ಹೋಗುತ್ತಿದ್ದರು. ಬೆಳಗಾವಿ ಬರುವಷ್ಟರಲ್ಲಿ ನನಗೆ ಜ್ವರ ಬಂದಂತಾಗಿತ್ತು.

ಕೊಳ್ಳುವ ಕಷ್ಟ ಆಮೇಲೆ ಗೊತ್ತಾಯಿತು. ಫೋನಿನಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಕರೆಂಟಿನದು. ನಿಂತರೆ ಸಾಕು, ಅದೇ ಓಡುತ್ತದೆ. ಅದರ ಬೆಲೆಗೆ ಖಾನಾಪುರದಲ್ಲಿ ಹೈನದ ಎಮ್ಮೆ ಬರುತ್ತದೆ, ಎಮ್ಮೆ ಹಾಲಾದರೂ ಕೊಡುತ್ತದೆ. ತುಳಿಯುವಂಥದ್ದರಲ್ಲಿ ದೊಡ್ಡ ಗಾಲಿಯದು ಪರದೇಶದಿಂದ ಬರಬೇಕು. ಸೋವಿ ಎಂದು ಕಂಡವೆಲ್ಲ ಹುಡುಗರ ಆಟಕ್ಕೆ ಮಾಡಿದವು, ನನ್ನ ತೂಕಕ್ಕೆ ಮುಲುಗುವಂಥವು. ಖಡೇಬಜಾರಿನ ಸೈಕಲ್ ಅಂಗಡಿಗಳಲ್ಲಿ ಕೇಳಿದರೆ ಒಬ್ಬ, ಇನ್ನೊಂದು ಗಾಲಿ ಕಳುವಾಯಿತೇ ಎಂದು ನಿಜವಾಗಿ ಮರುಕಪಟ್ಟ.

ಕಡೆಗೆ ಕ್ಯಾಂಪಿಗೆ ಹೋದೆ. ಮಿಲ್ಟ್ರಿಯವರ ಮಕ್ಕಳ ಸೈಕಲ್ಲು ತಿದ್ದುತ್ತ ಮುನೀರ್ ಚಾಚಾ ಮುದುಕನಾಗಿದ್ದ. ಆತನ ಪ್ರಕಾರ ದುನಿಯಾದಲ್ಲಿ ಎರಡೇ ಜಾತಿ: ಬೆಲ್ ಹೊಡೆಯುವವರು, ಬೆಲ್ ಕೇಳಿ ಸರಿಯುವವರು.

"ಕ್ಯಾ ಬೇಟಾ? ಒಂದ ಗಾಲಿ?" ನಾಲಿಗೆ ಲೊಚಗುಟ್ಟಿದ. "ಈ ಫೋನಿನ್ಯಾಗಿನ ಮಂದಿಗೆ ಹಯಾ ಇಲ್ಲ, ನಾಚಿಕಿ ಇಲ್ಲ. ಅರ್ಧಾ ಸೈಕಲ್ಲಿಗೆ ಪೂರಾ ಸೈಕಲ್ಲಿಗಿಂತ ಜಾಸ್ತಿ ರೊಕ್ಕ ಹೇಳತಾರ. ನಾ ಮಾಡಿಕೊಡತೇನಿ. ಗ್ಯಾರಂಟಿ."

"ಚಾಚಾ, ಮೊದಲ ಎಂದಾರ ಮಾಡೀರೇನ?"

"ಮಾಡಿದ್ದರ ಗ್ಯಾರಂಟಿ ಯಾಕ ಬೇಕಾಗಿತ್ತೋ?"

ಚಾಚಾ ಒಂದು ಹಳೆಯ ಲೇಡೀಸ್ ಸೈಕಲ್ಲಿನ ಮುಂದಿನ ಅರ್ಧ ಕತ್ತರಿಸಿ ಒಗೆದ. ಹಿಂದಿನ ಗಾಲಿ, ಚೈನು, ಪೆಡಲು, ಸೀಟು ಉಳಿದವು. ಟಿಕ್ ಟಿಕ್ ಟಿಕ್ ಎನ್ನುವ ಫ್ರೀವೀಲೂ ಉಳಿಯಿತು. ಅದನ್ನು ತೆಗೆಯುವುದು ಬೇಡವೇ ಎಂದೆ. ವಿಡಿಯೋದಲ್ಲಿ ಆ ಸಪ್ಪಳ ಇರಲಿಲ್ಲ.

"ಆ ಸಪ್ಪಳ ನನ್ನ ಅಂಗಡಿ ಇಜ್ಜತ್ತು. ಹತ್ತ ನೀ."

ಹತ್ತಿದೆ. ಗೋಡೆ ಹಿಡಿದು ನಿಂತೆ. ಗೋಡೆ ಬಿಟ್ಟೆ. ಮೈ ಹಿಂದಕ್ಕೆ ವಾಲಿತು, ತಡೆಯಲು ಪೆಡಲು ಹಿಂದಕ್ಕೆ ಒತ್ತಿದೆ, ಪೆಡಲು ಟಿಕ್ ಟಿಕ್ ಎಂದು ನಗುತ್ತ ಬರಿದೇ ತಿರುಗಿತು. ನಾನು ರಸ್ತೆಯ ಮೇಲೆ ಕುಳಿತಿದ್ದೆ. ಗಾಲಿ ನನ್ನನ್ನು ಬಿಟ್ಟು ಒಂದೇ ಹೋಗಿ ಎದುರಿನ ಬೇಕರಿಯ ಮೆಟ್ಟಿಲು ಹತ್ತಲು ನೋಡಿತು.

ಇಬ್ಬರಿಗೂ ಅಲ್ಲೇ ಜ್ಞಾನೋದಯ. ಈ ಗಾಡಿಗೆ ಬ್ರೇಕು ಇಲ್ಲ, ಹ್ಯಾಂಡಲ್ಲು ಇಲ್ಲ, ಕಾಲೇ ಎಲ್ಲ. ಕಾಲು ಮುಂದೆ ತುಳಿದರೆ ಗಾಲಿ ಮುಂದೆ, ಹಿಂದೆ ಒತ್ತಿದರೆ ಹಿಂದೆ. ನಡುವೆ ಯಾರ ಇಜ್ಜತ್ತೂ ಇರಕೂಡದು. ಚೈನು, ಫ್ರೀವೀಲು ಎಲ್ಲ ತೆಗೆದು ಪೆಡಲನ್ನು ಗಾಲಿಯ ಅಚ್ಚಿಗೇ ಗಟ್ಟಿಯಾಗಿ ಕೂರಿಸಬೇಕು. ಅದಕ್ಕೆ ಬೇಕಾದ ಅಚ್ಚನ್ನು ಉದ್ಯಮಬಾಗದ ಒಂದು ಲೇಥಿನಲ್ಲಿ ತಿರುವಿಸಿಕೊಂಡು ಬಂದೆವು. ಲೇಥಿನವನು ಏನು, ಯಾಕೆ ಎಂದು ಕೇಳಲೇ ಇಲ್ಲ. ಬೆಳಗಾವಿಯಲ್ಲಿ ಕಬ್ಬಿಣ ಹಿಡಿದುಕೊಂಡು ಬಂದವರನ್ನು ಯಾರೂ ಹುಚ್ಚರೆನ್ನುವುದಿಲ್ಲ.

ಮುಂದಿನ ತಪ್ಪು ಪೂರ್ತಿ ನನ್ನದು. ಗಾಡಿಯಲ್ಲಿ ಸೀಟಿನ ಕೆಳಗೆ ಹಿಡಿಸಲಿ ಎಂದು ಸಣ್ಣ ಗಾಲಿ ಹಾಕಿಸಿದೆ, ಹುಡುಗರ ಸೈಕಲ್ಲಿನದು. ಗೋಡೆ ಹಿಡಿದು ತುಳಿಯತೊಡಗಿದೆ. ಕಾಲುಗಳು ಹೊಲಿಗೆ ಮಷೀನಿನಂತೆ ಗರಗರ ತಿರುಗಿದವು, ಬೆವರು ಇಳಿಯಿತು, ಉಸಿರು ಹತ್ತಿತು. ಬಾಳೆಹಣ್ಣಿನ ಗಾಡಿ ದಬ್ಬಿಕೊಂಡು ಬರುತ್ತಿದ್ದ ಒಬ್ಬಾಕೆ ನನ್ನನ್ನು ಹಿಂದೆ ಹಾಕಿ ಮುಂದೆ ಹೋದಳು. ಹೋಗುತ್ತ ತಿರುಗಿ ನೋಡಿ, "ತಮ್ಮಾ, ಗಾಡಿ ಮ್ಯಾಲ ಕುಂದರ್ತಿ ಏನ? ಬಿಟ್ಟ ಬರ್ತೇನಿ" ಅಂದಳು.

ಚಾಚಾ ನೆಲಕ್ಕೆ ಕೂತು ನಕ್ಕ. ಆಮೇಲೆ ಎದ್ದು, ಈಗಿನ ಹುಡುಗರು ಓಡಿಸುವ ಗೇರ್ ಸೈಕಲ್ಲಿನ ದೊಡ್ಡ ಗಾಲಿಯೊಂದನ್ನು ಅಟ್ಟದಿಂದ ಇಳಿಸಿದ. ದಪ್ಪ ಟೈರು. ರಸ್ತೆಯ ತಗ್ಗು ಖಡ್ಡೆಯಲ್ಲಿ ಇಳಿದರೂ ಮುನಿಯದಂಥದ್ದು. ಒಂದು ಸುತ್ತಿಗೆ ಮೊದಲಿನದಕ್ಕಿಂತ ಎಷ್ಟೋ ಮುಂದೆ ಹೋಗುತ್ತಿತ್ತು. ಸೀಟಿನ ಎತ್ತರ ನನ್ನ ಹೊಕ್ಕಳ ಮಟ್ಟಕ್ಕೆ. ರಸ್ತೆ ಕೆಟ್ಟಲ್ಲಿ ಒಂದು ಕೈಯಲ್ಲಿ ಹಿಡಿದುಕೊಳ್ಳಲು ಸೀಟಿನ ಮೂತಿಗೆ ಹಳೆಯ ಕಪಾಟಿನ ಹಿಡಿಕೆಯೊಂದನ್ನು ಬಿಗಿದ. ಅದರ ಬಾಜೂ ಬೆಲ್ಲು.

"ಬೆಲ್ ಫುಕಟ," ಅಂದ. "ಬೀಳೂ ಮೊದಲ ಹೊಡಿ. ಮಂದಿ ಸರಿತಾರ."

ಎಲ್ಲ ಸೇರಿ ಒಂದು ಸಾದಾ ಹೊಸ ಸೈಕಲ್ಲಿಗಿಂತ ಕಡಿಮೆಗೇ ಮುಗಿಯಿತು. ಆಯ್ಕೆ ಮಾಡುವುದರಲ್ಲಿ ನಾನು ಕಲಿತದ್ದು ಇಷ್ಟು: ಗಾಲಿ ದೊಡ್ಡದಿರಲಿ, ಟೈರು ದಪ್ಪವಿರಲಿ, ಅಚ್ಚು ಗಟ್ಟಿಯಿರಲಿ. ಸೀಟಿನ ವಿಷಯದಲ್ಲಿ ಮಾತ್ರ ಕಂಜೂಸಿತನ ಮಾಡಬಾರದು. ನಾನು ಮಾಡಿದೆ. ಆ ವಾರ ಅಂಗಡಿಯಲ್ಲಿ ನಿಂತೇ ಕೆಲಸ ಮಾಡಿದೆ, ಮೇಡಮ್ಮು ನನ್ನ ಶಿಸ್ತು ಕಂಡು ಮೆಚ್ಚಿಕೊಂಡರು.

ಕಲಿತದ್ದು ಖಾನಾಪುರದಲ್ಲಿ, ಮುಚ್ಚಿಹೋದ ಹಂಚಿನ ಕಾರ್ಖಾನೆಯೊಂದರ ಉದ್ದನೆಯ ಗೋಡೆಯ ಗುಂಟ. ಸಂಜೆ ಗಾಡಿ ಇಳಿದು ಸೀದಾ ಅಲ್ಲಿಗೆ. ಪಾಟೀಲ ಕಾಕಾನ ಹಳೆಯ ಸ್ಕೂಟರಿನ ಹೆಲ್ಮೆಟ್ಟು ನನ್ನ ತಲೆಯ ಮೇಲೆ, ಕಾಕಾನ ಹೆಗಲು ನನ್ನ ಬಲಗೈ ಕೆಳಗೆ, ಗೋಡೆ ಎಡಗಡೆ. ಮೇಲೆ ಸಣ್ಣ ಮಳೆ. ನೆಲದ ಕೆಂಪು ಮಣ್ಣು ಕುಂಬಾರರು ಬಯಸುವಂಥ ಹದದಲ್ಲಿತ್ತು. ನಾನು ಬಿದ್ದ ಬಿದ್ದಲ್ಲೆಲ್ಲ ನನ್ನ ಅಚ್ಚು ಮೂಡುತ್ತಿತ್ತು. ಸುಟ್ಟಿದ್ದರೆ ಒಳ್ಳೆಯ ಹಂಚಾಗುತ್ತಿದ್ದೆ.

"ನಾ ಹೇಳೂದಲ್ಲ, ಆದರ ಹೇಳತೇನಿ," ಕಾಕಾ ನನ್ನ ಭಾರಕ್ಕೆ ಬಾಗುತ್ತ ಅನ್ನುತ್ತಿದ್ದ. "ಗಾಲಿ ನೋಡಬ್ಯಾಡ. ಗಾಲಿ ಎಲ್ಲಿ ಹೋಕ್ಕೈತಿ? ನಿನ್ನ ಬುಡಕ ಇರತೈತಿ. ಮುಂದ ಆ ಜಾಲಿ ಗಿಡಾ ನೋಡ."

ಆ ಮಾತೇ ಗೆಲ್ಲಿಸಿತು. ಜಾಲಿ ಗಿಡದ ಮೇಲೆ ಕಣ್ಣಿಟ್ಟು ಅರ್ಧ ಸುತ್ತು. ಆಮೇಲೆ ಒಂದು. ಬಿದ್ದೆ. ಮತ್ತೆ ಎರಡು. ಒಂದು ಸಂಜೆ ಗೋಡೆ ಮುಗಿದದ್ದು ನನಗೆ ತಿಳಿಯಲೇ ಇಲ್ಲ. ಕಾಕಾನ ಹೆಗಲೂ ಇರಲಿಲ್ಲ. ಕೈಗಳು ಹಕ್ಕಿಯಂತೆ ಎರಡೂ ಕಡೆ ಚಾಚಿಕೊಂಡಿದ್ದವು, ಗಾಳಿ ಅಂಗಿಯೊಳಗೆ ನುಗ್ಗುತ್ತಿತ್ತು, ಹಿಂದಿನಿಂದ ಕಾಕಾ ತನ್ನ ತಲೆಬರಹವನ್ನೂ ಮರೆತು "ಹೊಂಟ! ಹೊಂಟ! ಹೊಂಟಲೇ!" ಎಂದು ಕೂಗುತ್ತ ಓಡಿಬರುತ್ತಿದ್ದ. ಜಾಲಿ ಗಿಡದವರೆಗೆ ಹೋದೆ. ಜಾಲಿ ಗಿಡದೊಳಕ್ಕೂ ಹೋದೆ. ತಿರುಗಿಸುವುದನ್ನು ಇನ್ನೂ ಕಲಿತಿರಲಿಲ್ಲ.

ಮುಳ್ಳು ಕೀಳಿಸಿಕೊಳ್ಳುತ್ತಲೇ ನಗುತ್ತಿದ್ದೆ. ಅಷ್ಟು ಖುಷಿ ನನಗೆ ಪರೀಕ್ಷೆ ಪಾಸಾದಾಗಲೂ ಆಗಿರಲಿಲ್ಲ. ಪರೀಕ್ಷೆಯೂ ಅಷ್ಟಾಗಿ ಪಾಸಾಗಿರಲಿಲ್ಲ ಎನ್ನಿ.

ಗಾಲಿ ರಾತ್ರಿ ಕಾಕಾನ ಮನೆಯಲ್ಲಿ, ಬೆಳಿಗ್ಗೆ ಗಾಡಿಯಲ್ಲಿ. ದೊಡ್ಡ ಗಾಲಿ ಸೀಟಿನ ಕೆಳಗೆ ಹಿಡಿಸಲಿಲ್ಲ. ಮೊದಲ ದಿನ ಹೊಸ ಮನುಷ್ಯನೊಬ್ಬ ಅದರ ಜಾಗಕ್ಕೆ ತಕರಾರು ತೆಗೆದ.

"ಇದಕ್ಕ ಪಾಸ್ ಐತೇನ್ರಿ?"

ಕಾಕಾ ಮೆಲ್ಲಗೆ ಎದ್ದ. ಹೆಗಲ ಮೇಲಿನ ಟಾವೆಲ್ಲು ತೆಗೆದ. ಗಾಲಿಯ ಸೀಟಿನ ಮೇಲೆ ಹಾಸಿದ. ಹೊಸ ಮನುಷ್ಯ ಸರಿದು ನಿಂತ. ಕಾಯಿದೆ ಅಂದರೆ ಕಾಯಿದೆ. ಅಂದಿನಿಂದ ನನ್ನ ಗಾಲಿ ಪಾಸಿನವರಲ್ಲಿ ಒಬ್ಬನಾಯಿತು.

ಕೆಲವು ದಿನ ಕ್ಯಾಂಪಿನ ಖಾಲಿ ರಸ್ತೆಗಳಲ್ಲಿ ರೂಢಿ ಮಾಡಿಕೊಂಡೆ. ದೊಡ್ಡ ಮರಗಳು, ಚರ್ಚಿನ ಗೋಡೆ, ಬೆಳಗಿನ ಓಟಕ್ಕೆ ಹೊರಟ ಜವಾನರು. ಅವರ ಸಾಲು ನನ್ನನ್ನು ನೋಡಿ ಹೆಜ್ಜೆ ತಪ್ಪಿತು. ಅವರ ಉಸ್ತಾದ ನನಗೆ ಬೈದದ್ದು ಯಾವ ಭಾಷೆಯೋ ತಿಳಿಯಲಿಲ್ಲ, ದನಿ ಮಾತ್ರ ಈಗಲೂ ತೆಗೆದು ತೋರಿಸಬಲ್ಲೆ. ಆಮೇಲೆ ಖರೇ ರಸ್ತೆ. ಸ್ಟೇಶನ್ನಿನಿಂದ ಹೊರಬಿದ್ದು, ರೈಲ್ವೆ ಮೇಲ್ಸೇತುವೆ ಏರಿ, ಇಳಿದು ಶಹಾಪುರದ ಕಡೆಗೆ. ಏರುವಾಗ ತೊಡೆ ಉರಿಯುತ್ತಿತ್ತು. ಇಳಿಯುವಾಗ ಇನ್ನೂ ಕಷ್ಟ, ಪ್ರತಿ ಸುತ್ತಿಗೂ ಗಾಲಿಯನ್ನು ಕಾಲಿನಿಂದ ಹಿಂದಕ್ಕೆ ಜಗ್ಗಿ ಹಿಡಿಯಬೇಕು. ನಿಲ್ಲಿಸುವ ಕಲೆ ನನಗೆ ಕಡೆಯವರೆಗೂ ಒಲಿಯಲಿಲ್ಲ. ಅಂಗಡಿ ಬಂದಾಗ ಶಟರಿನ ಹಿಡಿಕೆಯನ್ನು ಗಪ್ಪನೆ ಹಿಡಿದುಕೊಳ್ಳುತ್ತಿದ್ದೆ. ಅದೇ ನನ್ನ ಬ್ರೇಕು. ಮುದುಕರು ಬೆಲ್ ಕೇಳದಿದ್ದರೂ ನನ್ನ ಹೆಲ್ಮೆಟ್ಟು ಕಂಡ ಕೂಡಲೇ ದಾರಿ ಬಿಟ್ಟು ಸರಿಯುವುದನ್ನು ಕಲಿತಿದ್ದರು.

ಶಟರು ದಿನಾಲೂ ವೇಳೆಗೆ ಏಳತೊಡಗಿತು. ಮೇಡಮ್ಮು ಕೀಲಿ ಕೇಳಲಿಲ್ಲ.

ಖಾನಾಪುರದಲ್ಲಿ ನನ್ನ ಗಾಲಿಯ ಸುದ್ದಿ ಗೊತ್ತಿಲ್ಲದವಳು ಆಯಿ ಒಬ್ಬಳೇ. ಗೊತ್ತಾಗುವುದಾದರೂ ಹೇಗೆ? ಆಕೆಗೆ ಚಾಡಿ ಹೇಳಬೇಕೆಂದರೆ ಊರಿಗೆಲ್ಲ ಕೇಳುವಂತೆ ಕೂಗಿ ಹೇಳಬೇಕು, ಕೂಗಿ ಹೇಳಿದ ಚಾಡಿಗೆ ರುಚಿಯಿರುವುದಿಲ್ಲ. ಆದರೆ ಓಣಿಯ ಹೆಂಗಸರು ಆಕೆಯನ್ನು ಕಂಡಾಗ ಬೆರಳೊಂದನ್ನು ಎತ್ತಿ ಗಿರಗಿರ ತಿರುಗಿಸಿ ನಗುತ್ತಿದ್ದರು.

"ಲೇ ಪರಶ್ಯಾ, ಈ ಮಂದಿಗೆ ಏನ ಆಗೇತೋ?" ಆಯಿ ಅದೇ ಬೆರಳು ತಿರುಗಿಸಿ ತೋರಿಸಿದಳು. "ನನ್ನ ನೋಡಿ ಹಿಂಗ ಮಾಡತಾರ."

"ಗಾಳಿ ಬಾಳ ಐತಿ ಅಂತಾರ ಆಯಿ!" ಎಂದು ಕೂಗಿದೆ.

ಆಕೆ ನನ್ನ ಮುಖವನ್ನು ಬೇಕಾದ್ದಕ್ಕಿಂತ ಜಾಸ್ತಿ ಹೊತ್ತು ನೋಡಿದಳು. ನಾನು ಅದಕ್ಕೂ ಮೊದಲು ಎಷ್ಟೋ ಸಲ ಮಷೀನು ಹಾಕಿಸಿಕೋ ಎಂದು ಗಂಟುಬಿದ್ದಿದ್ದೆ. ಪ್ರತಿ ಸಲ ಒಂದೇ ಉತ್ತರ: "ಕೇಳದಿದ್ದರ ನನಗೇನ ಲುಕ್ಸಾನ ಐತಿ? ನೀವೇನ ಬಂಗಾರದಂಥಾ ಮಾತ ಆಡತೀರಿ?"

ಮಳೆಗಾಲ ಮುಗಿಯುವ ಮೊದಲು ಒಮ್ಮೆ ಆಕಾಶ ಹರಿದು ಬೀಳುವಂಥ ಮಳೆ ಬಂತು. ಗಾಡಿ ಬೆಳಗಾವಿಯ ಹೊರಗೆ, ಸಿಗ್ನಲ್ಲಿಗಾಗಿ ಕಾಯುತ್ತ, ಕೋಣದಂತೆ ನಿಂತುಬಿಟ್ಟಿತು. ಕಿಟಕಿಯ ಕಟ್ಟಿಗೆ ಬಡಿಯುವ ಮಳೆ ನೋಡುತ್ತ ಅಂಗಡಿಯ ಕೀಲಿಯನ್ನು ಕಿಸೆಯಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡೆ. ಸ್ಟೇಶನ್ನು ಬಂದ ಕೂಡಲೇ ನಾನು ಹಾರಿದೆ. ಕಾಕಾ ಬಾಗಿಲಿನಿಂದ ಗಾಲಿಯನ್ನು ಕೂಸಿನಂತೆ ಎತ್ತಿ ಕೊಟ್ಟ.

"ನಾ ಹೇಳೂದಲ್ಲ," ಅಂದ. ಆಮೇಲೆ ಮೇಲ್ಸೇತುವೆಯ ಕಡೆ ಕೈ ಮಾಡಿದ.

ಮೇಲ್ಸೇತುವೆಯ ಮೇಲೆ ಸಿಟಿ ಬಸ್ಸು, ಆಟೋ, ಕಾರು ಎಲ್ಲ ಮೂತಿಗೆ ಮೂತಿ ಹಚ್ಚಿ ನಿಂತಿದ್ದವು. ಅವುಗಳ ಬಾಜೂ ಮೊಳದಷ್ಟು ಜಾಗ. ಒಂದು ಕೈಯಲ್ಲಿ ಕಪಾಟಿನ ಹಿಡಿಕೆ, ಇನ್ನೊಂದರಲ್ಲಿ ಅಂಗಡಿಯ ಕೀಲಿ. ಕಣ್ಣು ಮುಂದೆ, ಇಲ್ಲದ ಜಾಲಿ ಗಿಡದ ಮೇಲೆ. ಏರಿದೆ. ಬಸ್ಸಿನ ಕಿಟಕಿಗಳಿಂದ ಮಂದಿ ಸೀಟಿ ಹೊಡೆದರು. ಕಂಡಕ್ಟರ್ ಬಾಗಿಲಿನಿಂದ ತಲೆ ಹಾಕಿ, "ಏ, ಇನ್ನೊಂದ ಗಾಲಿ ಹಿಂದ ಬಿದ್ದೈತಿ ನೋಡಪಾ!" ಎಂದು ಕೂಗಿದ. ಅವನ ದನಿಯಲ್ಲೇ "ರೈಟ್ ರೈಟ್!" ಎಂದು ಕೂಗಿ ಮುಂದೆ ಹೋದೆ. ಇಳಿಜಾರಿನಲ್ಲಿ ನೀರು ಹಳ್ಳದಂತೆ ನನ್ನ ಜೊತೆ ಇಳಿಯುತ್ತಿತ್ತು. ತೊಡೆಗಳು ಬೆಂಕಿ. ಕೆಳಗೆ ತಿರುವಿನಲ್ಲಿ ನೀರು ನಿಂತಿತ್ತು, ಅದರ ಕೆಳಗೆ ಏನಿದೆಯೋ ದೇವರಿಗೇ ಗೊತ್ತು. ಗಾಲಿ ಧಡ್ಡನೆ ಇಳಿಯಿತು, ನಾನು ಸೀಟಿನಿಂದ ಎದ್ದೆ, ದಪ್ಪ ಟೈರು ಮತ್ತೆ ಮೇಲೆ ಬಂತು, ನಾನೂ ಅದರ ಮೇಲೆಯೇ ಬಂದೆ! ಮುನೀರ್ ಚಾಚಾನ ಕೈಗೆ ಮುತ್ತು ಕೊಡಬೇಕೆನ್ನಿಸಿತು.

ಓಣಿ ತಿರುಗಿದೆ. ಬೆಲ್ ಹೊಡೆದೆ. ಕೊಡೆಗಳು ಎರಡು ಪಾಲಾಗಿ ಸರಿದವು. ಮೇಡಮ್ಮಿನ ಕಾರು ಇನ್ನೂ ಬಂದಿರಲಿಲ್ಲ. ಶಟರಿನ ಹಿಡಿಕೆ ಗಪ್ಪನೆ ಹಿಡಿದು, ಗಾಲಿ ಕಾಲ ಕೆಳಗಿನಿಂದ ಜಾರಿಸಿ ಬಿಟ್ಟು ನಿಂತೆ. ಮುದುಕರು ಚಪ್ಪಾಳೆ ತಟ್ಟಿದರು.

ಒಂದು ಕೊಡೆ ಮಾತ್ರ ಸರಿದಿರಲಿಲ್ಲ. ಅದರ ಕೆಳಗೆ ಹಸಿರು ಇಳಕಲ್ ಸೀರೆ, ಸೆರಗು ಹೊದ್ದ ತಲೆ. ಆಯಿ. ಬಾಜೂ ನಮ್ಮ ಓಣಿಯ ಶಾಂತಾ ಕಾಕು.

ಮೊದಲು ಮಾತಾಡಿದವಳು ಕಾಕು: "ಊರೆಲ್ಲಾ ನಗತೈತಿ, ನನಗೊಬ್ಬಾಕಿಗೆ ಕೇಳವಲ್ಲದು, ಕರಕೊಂಡ ನಡಿ ಅಂತ ಒಂದ ಸವನ ಗಂಟ ಬಿದ್ಲಪಾ ನಿಮ್ಮಾಯಿ. ಮೊದಲನೇ ಬಸ್ಸಿಗೆ ಬಂದ್ವಿ. ಬಾಳ ಚಲೋ ಬಸ್ಸಲೇ ಅದು. ಕುಂದರಾಕ ಜಾಗಾ ಸಿಗತೈತಿ."

ಆಯಿ ಕೊಡೆಯ ಅಂಚು ಮೇಲೆತ್ತಿದಳು. ನನ್ನ ಮೊಣಕಾಲು ನೋಡಿದಳು, ಹೆಲ್ಮೆಟ್ಟು ನೋಡಿದಳು, ರಸ್ತೆಯ ಮೇಲೆ ಮಲಗಿದ್ದ ಗಾಲಿಯನ್ನು ನೋಡಿದಳು. ಬಾಗಿಲ ಮುಂದೆ ಕೊಡೆ ಮಡಚಿ ನೀರು ಜಾಡಿಸಿ ಒಳಗೆ ಬಂದು ಎಲ್ಲರ ಜೊತೆ ಕುಳಿತಳು. ಆಕೆ ಬೈಯದೇ ಇದ್ದದ್ದು ನನಗೆ ನೆನಪಿರುವ ಹಾಗೆ ಅದೇ ಮೊದಲು.

ಮೇಡಮ್ಮು ಬಂದರು. ಎಲ್ಲರೂ ಒಳಗೆ ಬೆಚ್ಚಗೆ ಕುಳಿತು ಚಹಾ ಕುಡಿಯುತ್ತಿದ್ದುದನ್ನೂ, ನನ್ನ ಅಂಗಿಯಿಂದ ನೆಲಕ್ಕೆ ಇಳಿಯುತ್ತಿದ್ದ ನೀರನ್ನೂ ನೋಡಿದರು. "ಟ್ರೇನ್ ಲೇಟ್ ಇತ್ತಂತಲ್ಲ?" ಅಂದರು. ಹೂಂ ಅಂದೆ. "ಕೀಲಿ ನಿನ್ನ ಕಡೇನ ಇರಲಿ" ಎಂದು ಗಾಜಿನ ಖೋಲಿಗೆ ಹೋದರು. ಎಷ್ಟೋ ದಿನದಿಂದ ಕಾಯುತ್ತಿದ್ದ ಮಾತು. ಕುಣಿಯಬೇಕಿತ್ತು. ಆಯಿಯ ಬೆನ್ನು ನೋಡುತ್ತ ನಿಂತಿದ್ದೆ.

ಆಯಿಯ ಪಾಳಿ ಬಂತು. ಪರೀಕ್ಷೆಯಾಯಿತು, ಮಷೀನು ಕಿವಿಗೆ ಕುಳಿತಿತು. ಹೊರಗೆ ಬಂದು ಕುರ್ಚಿಯಲ್ಲಿ ಕೂತಳು. ಮಳೆಯ ಸಪ್ಪಳಕ್ಕೆ ತಲೆ ಎತ್ತಿದಳು. ಚಹಾದ ಕಪ್ಪು ಬಸಿಗೆ ತಾಗಿದ ಸಪ್ಪಳಕ್ಕೆ ಆ ಕಡೆ ತಿರುಗಿದಳು. ಶಾಂತಾ ಕಾಕು ಕೂಗಿ ಏನೋ ಹೇಳಲು ಹೋದಾಗ ಅಂಗೈ ಅಡ್ಡ ಹಿಡಿದು, "ಯಾಕ ಒದರತಿ ಮಾರಾಯ್ತಿ?" ಅಂದಳು.

ಮೇಡಮ್ಮು ನನಗೆ ಕಣ್ಣಿನಲ್ಲೇ ಸನ್ನೆ ಮಾಡಿದರು: ಪರೀಕ್ಷೆ ಮಾಡು.

ನಾನು ಆಯಿಯ ಬೆನ್ನ ಹಿಂದೆ ನಿಂತೆ. ಯಾರ ದನಿ ತೆಗೆಯಲಿ? ಅಪ್ಪನದು, ಪಾಟೀಲ ಕಾಕಾನದು, ಆಕೆಯದೇ ದನಿ, ಎಲ್ಲ ಗಂಟಲಿನವರೆಗೆ ಬಂದು ವಾಪಸ್ ಹೋದವು. ಕಡೆಗೆ ಆ ಅಂಗಡಿಯಲ್ಲಿ ಮೊದಲ ಸಲ ನನ್ನದೇ ದನಿ ತೆಗೆದೆ. ಕಾಕುವಿಗೂ ಕೇಳದಷ್ಟು ಮೆಲ್ಲಗೆ ಅಂದೆ:

"ಆಯಿ, ಆಣಿ ಮುರದಿಲ್ಲ. ಎಣಿಸಿ ನೋಡ, ಒಂದ ಗಾಲಿ ಐತಿ."

ಆಕೆ ಅದನ್ನೇ ತಿರುಗಿ ಹೇಳಬೇಕಿತ್ತು, ಪರೀಕ್ಷೆಯ ನೇಮ ಅದು. ಆಯಿ ಹಿಂದೆ ತಿರುಗಲಿಲ್ಲ. ಸೆರಗು ಸರಿಸಿದಳು, ಕೊಬ್ಬರಿ ಎಣ್ಣೆಯ ಆ ಬೆಳ್ಳಗಿನ ತಲೆಯನ್ನು ನನ್ನ ಕಡೆಗೆ ಸ್ವಲ್ಪ ಹಿಂದಕ್ಕೆ ವಾಲಿಸಿದಳು, ನಾನು ಆಡಿದಷ್ಟೇ ಮೆಲ್ಲಗೆ ಅಂದಳು:

"ಗಾಲಿ ಎಣಿಸಿದಿ, ಈಗ ನನ್ನ ತಲಿ ಎಣಸಲೇ ಹುಚ್ಚಪ್ಯಾಲಿ. ಅದೂ ಒಂದ ಐತಿ."